ಹಳೆಯ ಜೀಪು ಪಿಕಪ್ಪಿನ ಗೇರು ಪೆಟ್ಟಿಗೆಯನ್ನು ಬದಲಿಸುವ ಕ್ರಮ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಕೆಲವು ಒಕ್ಕಲು ಮನೆಗಳಲ್ಲಿ ಮಹೀಂದ್ರ ಜೀಪಿನ ಜಾತಿಯ ಹಳೆಯ ಪಿಕಪ್ಪು ವಾಹನಗಳು ಇನ್ನೂ ಉಳಿದಿರುವವು. ಗೊಬ್ಬರದ ಚೀಲ, ಬೀಜದ ಕಬ್ಬು, ನೀರಿನ ಪಂಪು, ಕಾಯಿಪಲ್ಯೆ ಮೊದಲಾದವುಗಳನ್ನು ಹೊಲಕ್ಕೂ ಪೇಟೆಗೂ ಸಾಗಿಸಲು ಇವು ತಕ್ಕ ವಾಹನಗಳು. ಇವುಗಳ ಎಂಜಿನ್ನು ಗಟ್ಟಿಯಾಗಿದ್ದರೂ ಬಹುಕಾಲದ ದುಡಿತದಿಂದ ಗೇರು ಪೆಟ್ಟಿಗೆಯು ಸವೆದುಹೋಗುವದುಂಟು. ಭಾರ ಹೇರಿದ ವಾಹನವು ಗೋಕಾಕದ ಗುಡ್ಡದ ಇಳಿಜಾರಿನಲ್ಲಿ ಬರುತ್ತಿರುವಾಗ ಗೇರು ತಾನಾಗಿ ಹಾರಿಬಿಟ್ಟರೆ ಎಂಜಿನ್ನಿನ ತಡೆ ತಪ್ಪಿ, ಎಲ್ಲ ಹೊರೆಯೂ ಬ್ರೇಕಿನ ಮೇಲೆ ಬೀಳುವದು. ಇದರಿಂದ ಜೀವಹಾನಿಯೂ ಸಂಭವಿಸಬಹುದು. ಆದುದರಿಂದ ಈ ದೋಷವನ್ನು ಅಲಕ್ಷಿಸಕೂಡದು.

1. ಪೆಟ್ಟಿಗೆಯ ಕೆಲಸ

ಎಂಜಿನ್ನಿನ ತಿರುಗುವಿಕೆಯನ್ನು ಕಡಿಮೆ ಮಾಡಿ ಎಳೆಯುವ ಬಲವನ್ನು ಹೆಚ್ಚಿಸುವದೇ ಗೇರು ಪೆಟ್ಟಿಗೆಯ ಕೆಲಸ. ಮುಂಬಯಿಯ ಮಝಗಾಂವದಲ್ಲಿ 1949ರಿಂದ ಜೀಪುಗಳ ಜೋಡಣೆ ನಡೆಯಿತು. ಮುಂದೆ ಬಂದ ಸಿ.ಜೆ. 3ಬಿ ಜಾತಿಯ ಜೀಪಿನಲ್ಲಿ ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ ಇರುವದು. ಇದರ ಮೊದಲನೆಯ ಗೇರಿನಲ್ಲಿ ಎಂಜಿನ್ನು 2.8 ಸುತ್ತು ತಿರುಗಿದರೆ ಹೊರಗಿನ ದಂಡವು ಒಂದು ಸುತ್ತು ತಿರುಗುವದು. ಹಿಂದಿನ ಆಕ್ಸಲಿನಲ್ಲಿ ಈ ವೇಗವು ಮತ್ತೆ 5.38 ಪಟ್ಟು ಇಳಿಯುವದು. ಎಂದರೆ ಎಂಜಿನ್ನಿನ ಸುಮಾರು 15 ಸುತ್ತಿಗೆ ಗಾಲಿಯು ಒಂದು ಸುತ್ತು ತಿರುಗಿದಂತಾಯಿತು.

ಎಂಜಿನ್ನು ನಿಮಿಷಕ್ಕೆ 1000 ಸುತ್ತು ತಿರುಗುತ್ತಿರುವಾಗ, 6.00-16 ಅಳತೆಯ ಟಾಯರುಳ್ಳ ಈ ವಾಹನವು ಮೊದಲನೆಯ ಗೇರಿನಲ್ಲಿ ತಾಸಿಗೆ ಸುಮಾರು 9 ಕಿ.ಮೀ. ಹೋಗುವದು. ಪೆಟ್ಟಿಗೆಯ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸಿನ ಸಣ್ಣ ಗೇರನ್ನು ಹಾಕಿದಾಗ ವೇಗವು ಮತ್ತೆ 2.46 ಪಟ್ಟು ಇಳಿದು ಸುಮಾರು ಮೂರೂವರೆ ಕಿ.ಮೀ.ಗೆ, ಅಂದರೆ ಎತ್ತಿನ ಬಂಡಿಯ ನಡಿಗೆಗೆ ಬರುವದು. ಮೂಡಲಗಿಯ ಕಡೆಯ ಎರೆಭೂಮಿಯಲ್ಲಿ ಮಳೆಯಾದ ಮೇಲೆ ಹೊರೆ ಎಳೆಯಲು ಬೇಕಾದದ್ದು ಈ ನಡಿಗೆಯೇ. ಹೆಚ್ಚಿನ ಓಟವಿರುವ ಪೆಟ್ಟಿಗೆಯನ್ನು ಕೂಡ್ರಿಸಿ ಈ ನಡಿಗೆಯನ್ನು ಕಳೆದುಕೊಂಡರೆ ಒಕ್ಕಲಿಗನಿಗೆ ಲಾಭವಿಲ್ಲ.

2. ದೋಷವು ಪೆಟ್ಟಿಗೆಯಲ್ಲಿಯೇ ಇರುವದೋ?

ಪೆಟ್ಟಿಗೆಯನ್ನು ಇಳಿಸುವ ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಮಾಡತಕ್ಕದ್ದು.

(ಅ) ಎಂಜಿನ್ನು ನಡೆಯುತ್ತಿದ್ದು ಗೇರು ನ್ಯೂಟ್ರಲ್ಲಿನಲ್ಲಿ ಇರುವಾಗ ಬರುವ ಗರಗರ ಶಬ್ದವು ಕ್ಲಚ್ಚು ಒತ್ತಿದೊಡನೆ ನಿಂತರೆ ಪೆಟ್ಟಿಗೆಯೊಳಗಿನ ಬೇರಿಂಗಿನ ಮೇಲೆ ಸಂಶಯಪಡಬೇಕು.

(ಆ) ಕ್ಲಚ್ಚು ಒತ್ತಿದಾಗಲೇ ಶಬ್ದ ಹುಟ್ಟಿದರೆ ದೋಷವು ಬಹುತರ ರಿಲೀಜ್ ಬೇರಿಂಗಿನಲ್ಲಿರುವದು.

(ಇ) ಕ್ಲಚ್ಚು ಪೂರ್ಣ ಬಿಡದೆ ಇದ್ದರೆ ಎಲ್ಲ ಗೇರುಗಳೂ ಕರಕರ ಎನ್ನುವವು. ಟಿ-90ರಲ್ಲಿ ಮೊದಲನೆಯ ಮತ್ತು ಹಿಂದಕ್ಕೆ ಹೋಗುವ ಗೇರುಗಳಿಗೆ ಸಿಂಕ್ರೋಮೆಷ್ ಇಲ್ಲ. ಆದ್ದರಿಂದ ವಾಹನ ಓಡುತ್ತಿರುವಾಗ ಅವನ್ನು ಹಾಕಿದರೆ ಹಲ್ಲು ಕರಕರ ಎನ್ನುವದು ಸಹಜವೇ ಹೊರತು ಪೆಟ್ಟಿಗೆಯ ದೋಷವಲ್ಲ.

(ಈ) ಗೇರು ಹಾರುತ್ತಿದ್ದರೆ ಮೊದಲು ಬೆಲ್ ಹೌಸಿಂಗಿನ ಬೋಲ್ಟುಗಳನ್ನೂ ಪೆಟ್ಟಿಗೆಯ ಕೆಳಗಿನ ರಬ್ಬರನ್ನೂ ನೋಡಬೇಕು. ಇವು ಸಡಿಲವಾದರೂ ಗೇರು ಹಾರುವದುಂಟು.

ಇವೆಲ್ಲ ಸರಿಯಿದ್ದು, ಬಸಿದ ಎಣ್ಣೆಯಲ್ಲಿ ಉಕ್ಕಿನ ಚೂರುಗಳು ಕಂಡರೆ ಪೆಟ್ಟಿಗೆಯನ್ನು ಬಿಚ್ಚುವದು ಇಲ್ಲವೆ ಬದಲಿಸುವದು ಅವಶ್ಯ.

3. ಪೆಟ್ಟಿಗೆಯನ್ನು ಆರಿಸುವದು

ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯಿತೆಂದು ಬೇರೆ ಜಾತಿಯ ಪೆಟ್ಟಿಗೆಯನ್ನು ತರುವವರು ಒಂದು ವಿಷಯವನ್ನು ಮರೆಯುವರು. ಪೆಟ್ಟಿಗೆಯು ಮುಂದೆ ಎಂಜಿನ್ನಿಗೂ ಹಿಂದೆ ಟ್ರಾನ್ಸ್‌ಫರ್ ಕೇಸಿಗೂ ಕೂಡಬೇಕು. ಮುಂದಿನ ದಂಡದ ಉದ್ದ, ಅದರ ತುದಿಯ ದಪ್ಪ, ಕ್ಲಚ್ ಪ್ಲೇಟಿನಲ್ಲಿ ಕೂಡ್ರುವ ಗೀರುಹಲ್ಲುಗಳ ಸಂಖ್ಯೆ ಮತ್ತು ಬೋಲ್ಟು ತೂತುಗಳ ಅಂತರ, ಈ ನಾಲ್ಕು ಅಳತೆಗಳಲ್ಲಿ ಒಂದು ತಪ್ಪಿದರೂ ಪೆಟ್ಟಿಗೆ ಕೂಡ್ರದು. ಹೊಸ ಪೆಟ್ಟಿಗೆಯು ಉದ್ದವಾಗಿದ್ದರೆ ಟ್ರಾನ್ಸ್‌ಫರ್ ಕೇಸು ಹಿಂದೆ ಸರಿಯುವದು. ಆಗ ಹಿಂದಿನ ಪ್ರೊಪೆಲ್ಲರ್ ದಂಡವನ್ನು ಕತ್ತರಿಸಬೇಕು. ಮುಂದಿನದನ್ನು ಉದ್ದ ಮಾಡಿಸಬೇಕು. ಕೂಡುಪಟ್ಟಿ, ಲೇಥಿನ ಕೆಲಸ, ದಂಡಗಳ ತೂಕ ಸರಿಪಡಿಸುವಿಕೆ, ಇವೆಲ್ಲವುಗಳ ಖರ್ಚನ್ನು ಕೂಡಿಸಿ ನೋಡಿದರೆ ಅಗ್ಗದ ಪೆಟ್ಟಿಗೆಯೇ ತುಟ್ಟಿಯಾಗುವದು. ಆದುದರಿಂದ ಮೂಲ ಜಾತಿಯದೇ ಒಳ್ಳೆಯ ಪೆಟ್ಟಿಗೆಯನ್ನು ತಂದು, ಬೇರಿಂಗು ಮತ್ತು ಎಣ್ಣೆಯ ಸೀಲುಗಳನ್ನು ಹೊಸದಾಗಿ ಹಾಕಿಸುವದೇ ಉತ್ತಮ ಮಾರ್ಗವು.

ಆಕ್ಸಲಿನ ಅನುಪಾತವು ಎಲ್ಲ ವಾಹನಗಳಲ್ಲಿಯೂ ಒಂದೇ ಇರುವದಿಲ್ಲ. ಅದನ್ನು ತಿಳಿಯಲು ಹಿಂದಿನ ಎರಡೂ ಗಾಲಿಗಳನ್ನು ಎತ್ತಿ ಭದ್ರವಾಗಿ ಆನಿಸಿ, ಅವೆರಡೂ ಸಮನಾಗಿ ಒಂದು ಸುತ್ತು ತಿರುಗುವಾಗ ಪ್ರೊಪೆಲ್ಲರ್ ದಂಡವು ಎಷ್ಟು ಸುತ್ತು ತಿರುಗಿತೆಂದು ಎಣಿಸಬೇಕು.

4. ಇಳಿಸುವ ಕ್ರಮ

ವಾಹನವನ್ನು ಸಮವಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ತೆಗೆದು, ನಾಲ್ಕೂ ಗಾಲಿಗಳಿಗೆ ಕಟ್ಟಿಗೆಯ ಅಡ್ಡೆ ಕೊಡಬೇಕು. ಹಳೆಯ ಜೀಪುಗಳಲ್ಲಿ ಕೈಬ್ರೇಕು ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿರುವದು. ಹಿಂದಿನ ಪ್ರೊಪೆಲ್ಲರ್ ದಂಡವನ್ನು ಬಿಚ್ಚಿದ ಕ್ಷಣದಿಂದ ಅದು ಗಾಲಿಗಳನ್ನು ಹಿಡಿಯದು. ಕೈಬ್ರೇಕನ್ನು ನಂಬಿ ಕೆಳಗೆ ಮಲಗಿದವನ ಮೇಲೆ ವಾಹನ ಉರುಳಬಹುದು. ಬರಿ ಜಾಕಿನ ಆಸರೆಯಲ್ಲಿಯೂ ಯಾರನ್ನೂ ಕೆಳಗೆ ಹೋಗಗೊಡಬಾರದು.

ಎಣ್ಣೆಯನ್ನು ಬಸಿದ ಬಳಿಕ ಗೇರಿನ ಕೋಲು, ನೆಲದ ತಗಡು, ಸ್ಪೀಡೋಮೀಟರಿನ ಕೇಬಲ್ಲು, ಕ್ಲಚ್ಚಿನ ಕೊಂಡಿ ಮತ್ತು ಕೈಬ್ರೇಕಿನ ಕೇಬಲ್ಲುಗಳನ್ನು ಬಿಚ್ಚಬೇಕು. ಪ್ರೊಪೆಲ್ಲರ್ ದಂಡಗಳನ್ನು ತೆಗೆಯುವ ಮೊದಲು ಕೂಡುವ ಎರಡೂ ಭಾಗಗಳ ಮೇಲೆ ಗುರುತು ಹಾಕಬೇಕು. ಎಂಜಿನ್ನಿನ ಹಿಂಭಾಗದ ಭಾರವನ್ನು ಪೆಟ್ಟಿಗೆಯ ಕೆಳಗಿನ ಅಡ್ಡಪಟ್ಟಿಯು ಹೊತ್ತಿರುವದರಿಂದ, ಆ ಪಟ್ಟಿಯನ್ನು ಬಿಚ್ಚುವ ಪೂರ್ವದಲ್ಲಿ ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಡತಕ್ಕದ್ದು. ತರುವಾಯ ಪೆಟ್ಟಿಗೆ ಮತ್ತು ಟ್ರಾನ್ಸ್‌ಫರ್ ಕೇಸುಗಳನ್ನು ಒಟ್ಟಿಗೆ ಜಾಕಿನ ಮೇಲೆ ಕೂಡ್ರಿಸಿ ನೇರವಾಗಿ ಹಿಂದಕ್ಕೆ ಎಳೆಯಬೇಕು. ಮುಂದಿನ ದಂಡವು ಕ್ಲಚ್ಚಿನಿಂದ ಪೂರ್ಣ ಹೊರಬರುವವರೆಗೆ ಪೆಟ್ಟಿಗೆಯನ್ನು ಕೆಳಗೆ ತೂಗಗೊಟ್ಟರೆ ಕ್ಲಚ್ ಪ್ಲೇಟಿನ ನಡುಭಾಗವು ಬಾಗುವದು.

5. ಏರಿಸುವ ಕ್ರಮ

ಪೆಟ್ಟಿಗೆ ಹೊರಗಿರುವಾಗಲೇ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಜ್ ಬೇರಿಂಗು, ಫ್ಲೈವ್ಹೀಲಿನ ನಡುವಿನ ಬುಶ್ಶು ಮತ್ತು ಎಂಜಿನ್ನಿನ ಹಿಂದಿನ ಸೀಲುಗಳನ್ನು ಪರೀಕ್ಷಿಸಬೇಕು. ಇವುಗಳನ್ನು ಉಳಿತಾಯದ ಆಶೆಯಿಂದ ಹಾಗೆಯೇ ಬಿಟ್ಟರೆ ಕೆಲದಿನಗಳಲ್ಲಿ ಇದೇ ಕೆಲಸವನ್ನು ಮತ್ತೆ ಮಾಡಬೇಕಾಗುವದು.

ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ಕೂಡ್ರಿಸಲು ಹಳೆಯ ಪೆಟ್ಟಿಗೆಯ ಮುಂದಿನ ದಂಡವನ್ನಾಗಲಿ, ಅದೇ ಅಳತೆಗೆ ಕಡೆಸಿದ ಕಟ್ಟಿಗೆಯ ಗೂಟವನ್ನಾಗಲಿ ಉಪಯೋಗಿಸಬಹುದು. ಪೆಟ್ಟಿಗೆಯನ್ನು ಮುಂದಕ್ಕೆ ನೂಕುವಾಗ ಬೆಲ್ ಹೌಸಿಂಗಿಗೆ ಅದು ಕೈಯ ಬಲದಿಂದಲೇ ಹತ್ತಿ ಕೂಡ್ರಬೇಕು. ಸಂದು ಉಳಿದಿದ್ದರೆ ಬೋಲ್ಟು ಬಿಗಿದು ಎಳೆಯಕೂಡದು. ಹಾಗೆ ಮಾಡಿದರೆ ಪೆಟ್ಟಿಗೆಯ ಕಿವಿ ಒಡೆಯುವದು. ಗೇರು ಹಾಕಿ ಹಿಂದಿನ ದಂಡವನ್ನು ತುಸು ತಿರುಗಿಸಿದರೆ ಗೀರುಹಲ್ಲುಗಳು ತಾವಾಗಿ ಕೂಡುವವು. ಕಡೆಯಲ್ಲಿ ಕ್ಲಚ್ಚಿನ ಪೆಡಲಿಗೆ ಸುಮಾರು 25 ಮಿ.ಮೀ. ಸಡಿಲನ್ನು ಇಡಬೇಕು.

6. ಎಣ್ಣೆ ಮತ್ತು ಪರೀಕ್ಷೆ

ತಯಾರಕರು ಹೇಳಿದ 90ನೆಯ ನಂಬರಿನ ಗೇರು ಎಣ್ಣೆಯನ್ನೇ ತುಂಬಬೇಕು. ಆಕ್ಸಲಿಗೆ ಹಾಕುವ ಜಿ.ಎಲ್. 5 ಜಾತಿಯ ಕೆಲವು ಎಣ್ಣೆಗಳು ಹಿತ್ತಾಳೆ, ಕಂಚುಗಳ ಉಂಗುರಗಳನ್ನು ಕೆಡಿಸುವದರಿಂದ ಅವನ್ನು ಈ ಪೆಟ್ಟಿಗೆಗೆ ಹಾಕದಿರುವದು ಲೇಸು. ನಡುವಿನ ಸೀಲು ಸವೆದರೆ ಎಣ್ಣೆಯು ಪೆಟ್ಟಿಗೆ ಮತ್ತು ಟ್ರಾನ್ಸ್‌ಫರ್ ಕೇಸುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿಯುವದು. ಆದ್ದರಿಂದ ಎರಡರ ಮಟ್ಟವನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊದಲು ಬರಿ ವಾಹನವನ್ನು ಸಮರಸ್ತೆಯಲ್ಲಿ ಓಡಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ಅರ್ಧ ಹೊರೆ ಹೇರಿ ನೋಡಿ, ಗೇರು ಹಾರದೆಂದು ಖಾತ್ರಿಯಾದ ಮೇಲೆಯೇ ಏರಿಳಿತದ ದಾರಿಗೆ ತೆಗೆದುಕೊಂಡು ಹೋಗಬೇಕು.

7. ಕಾಲ ಮತ್ತು ಕಾನೂನು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಮೂಲ ಜಾತಿಯ ಪೆಟ್ಟಿಗೆಯನ್ನು ಹಾಕುವವರಿಗೆ ಈ ತೊಡಕಿಲ್ಲ. ಬೇರೆ ಜಾತಿಯ ಪೆಟ್ಟಿಗೆಯನ್ನಾಗಲಿ, ಅದರೊಡನೆ ಬೇರೆ ಎಂಜಿನ್ನನ್ನಾಗಲಿ ಹಾಕಬಯಸುವವರು ಹಣ ಕೊಡುವ ಮೊದಲೇ ತಮ್ಮ ಸಾರಿಗೆ ಕಚೇರಿಯಲ್ಲಿ ಬರಹದ ಮೂಲಕ ವಿಚಾರಿಸಿಕೊಳ್ಳತಕ್ಕದ್ದು.

ಕಬ್ಬಿನ ಸುಗ್ಗಿಯು ನಡೆದಿರುವಾಗ ವಾಹನ ನಿಂತರೆ ಬಾಡಿಗೆಯ ವಾಹನಕ್ಕೆ ಕೊಡುವ ಹಣವೇ ದುರಸ್ತಿಯ ಖರ್ಚನ್ನು ಮೀರುವದುಂಟು. ಮಿಸ್ತ್ರಿಗಳೂ ಆಗ ಸುಲಭವಾಗಿ ದೊರೆಯರು. ಆದುದರಿಂದ ಸುಗ್ಗಿ ಮುಗಿದೊಡನೆ ದೋಷವನ್ನು ಪರೀಕ್ಷಿಸಿ, ಸಾಮಾನುಗಳನ್ನು ಕೂಡಿಹಾಕಿ, ಮಳೆಗಾಲದಲ್ಲಿ ಹೊಲದ ದಾರಿ ಕೆಟ್ಟು ವಾಹನವು ಹೇಗೂ ನಿಲ್ಲುವ ದಿನಗಳಲ್ಲಿ ಈ ಕೆಲಸವನ್ನು ಮುಗಿಸಿಕೊಳ್ಳುವದು ಯೋಗ್ಯ. ಊರಿನಲ್ಲಿ ಇಂಥ ವಾಹನಗಳು ಎರಡು ಮೂರು ಇದ್ದರೆ ಊರ ಹಿರಿಯರು ಒಡೆಯರನ್ನು ಕೂಡಿಸಿ, ಒಳ್ಳೆಯ ಜಾಕು, ಆಸರೆಯ ಕುದುರೆಗಳು ಮತ್ತು ಕ್ಲಚ್ಚಿನ ಗೂಟಗಳನ್ನು ಎಲ್ಲರ ಪಾಲಿನಿಂದ ಕೊಂಡಿಟ್ಟರೆ ಖರ್ಚೂ ಕಡಿಮೆಯಾಗುವದು, ಕೆಳಗೆ ಮಲಗಿ ದುಡಿಯುವವನ ಜೀವಕ್ಕೂ ಭದ್ರತೆ ದೊರೆಯುವದು.