ತಾತ ಅವತ್ತು ಹಿಂದೂಪುರದಲ್ಲಿದ್ದರು

ವಿದುರಾಶ್ವತ್ಥದ ಬಗ್ಗೆ ಕಥೆ ಬರೆಯಲು ಹೊರಟವರು ಮೊದಲು ಪಾಲಿಸಬೇಕಾದ ನಿಯಮವೆಂದರೆ ಮನೆಯಲ್ಲಿ ಯಾರಿಗೂ ಹೇಳದಿರುವುದು. ಚಿಂತಾಮಣಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವ ಈ ಲೇಖಕಿ ಹೇಳಿದಳು. ಅದೂ ಯಾರಿಗೆ? ಸೋದರಮಾವನಿಗೆ. ಕಥೆಯನ್ನು ಯಾರ ಬಾಯಿಂದ ಹೇಳಿಸಬೇಕು ಎಂಬ ಪ್ರಶ್ನೆ ಅಂದಿನಿಂದ ಸಾಹಿತ್ಯದ್ದಾಗಿ ಉಳಿಯಲಿಲ್ಲ. ಹುಣಸೆತೋಪಿನ ಪಾಲಿನಂತೆ ಅದಕ್ಕೂ ಪಂಚಾಯ್ತಿ ಸೇರಿತು.

ಈ ಲೇಖನವನ್ನು ‘ನಾನು’ ಎಂದೇ ಬರೆಯಬಹುದಿತ್ತಲ್ಲ ಎಂದು ಓದುಗರು ಕೇಳಿಯಾರು. ಬರೆದು ನೋಡಿದ್ದಾಯಿತು. ಆ ಹಾಳೆಗಳಲ್ಲಿ ಮಾವನ ಮೇಲಿನ ಸಿಟ್ಟೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ‘ಈಕೆ’ ಎಂದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದದ್ದು ಗೌರಿಬಿದನೂರು ಕಡೆಯವರಿಗೆಲ್ಲ ಗೊತ್ತು. ಶಿವಪುರದ ಧ್ವಜ ಸತ್ಯಾಗ್ರಹದ ಬಿಸಿ ಆರಿರಲಿಲ್ಲ. ಉತ್ತರ ಪಿನಾಕಿನಿಯ ದಂಡೆಯಲ್ಲಿ ಜಾತ್ರೆಯ ಜನ, ಕಾಂಗ್ರೆಸ್ಸಿನ ಬಾವುಟ, ನಿಷೇಧಾಜ್ಞೆ, ಮೈಸೂರು ಸಂಸ್ಥಾನದ ಪೊಲೀಸರ ಗುಂಡು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಈಗ ಹೆಚ್ಚಾಗಿ ಹೇಳುವುದು 32. ವಿಚಾರಣೆಗೆ ಸರ್ ವೇಪಾ ರಾಮೇಶಂ ಅವರ ಸಮಿತಿ ಬಂತು. ಸರ್ದಾರ್ ಪಟೇಲರೂ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆಯಾಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆಯಾಯಿತು.

ಈ ಇತಿಹಾಸದಲ್ಲಿ ಲೇಖಕಿಯ ಅಜ್ಜಿಗೆ ಒಂದು ಅಂಗೈ ಅಗಲದ ಜಾಗವಿತ್ತು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಿಲ್ಲವೆಂದು ನಾಗರ ಪ್ರತಿಷ್ಠೆಯ ಹರಕೆ ಹೊತ್ತು ಅತ್ತೆಯೊಂದಿಗೆ ಹೋಗಿದ್ದಳು. ಬಾವುಟ ಕಾಣಲಿಲ್ಲ, ಭಾಷಣ ಕೇಳಿಸಲಿಲ್ಲ. ಮೊದಲ ಸದ್ದಿಗೆ ಯಾರೋ ಪಟಾಕಿ ಹೊಡೆದರು ಅಂದುಕೊಂಡಳಂತೆ. ಎರಡನೆಯದಕ್ಕೆ ಅತ್ತೆ ಅವಳ ತಲೆಯನ್ನು ನಾಗರಕಲ್ಲುಗಳ ಹಿಂದೆ ಒತ್ತಿ ಹಿಡಿದಳು. ಅಲ್ಲಿಂದ ಕಂಡದ್ದು ಅರಿಶಿನ ಬಳಿದ ಕಲ್ಲಿನ ಹೆಡೆ, ಅತ್ತೆಯ ಬಳೆ, ಆಮೇಲೆ ದಾರಿಯುದ್ದ ಚೆಲ್ಲಿದ್ದ ಜಾತ್ರೆಯ ಪುರಿ. ಇಷ್ಟನ್ನೇ ಅವಳು 1980ರ ದಶಕದಲ್ಲಿ ಮೊಮ್ಮಕ್ಕಳಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಮನೆಯ ಮಾತು ತೆಲುಗು, ಪೇಟೆಯ ಮಾತು ಕನ್ನಡ. ಈ ಸೀಮೆಯಲ್ಲಿ ಅದೇನೂ ಹೊಸದಲ್ಲ.

‘ಅಮ್ಮಂದೇನು ಕಥೇನಮ್ಮೀ? ಬಗ್ಗಿ ಕೂತಿದ್ಲು ಅಷ್ಟೇ. ಅಪ್ಪನ್ನ ಇಟ್ಟು ಬರಿ,’ ಎಂದರು ಮಾವ.

ಆ ಮಾತಿನ ಹಿಂದೊಂದು ಹಳೆಯ ಗಾಯವಿದೆ. 1972ರಲ್ಲಿ, ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದಾಗ, ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟರು. ತಾತನಿಗೆ ಬರಲಿಲ್ಲ. ಕಚೇರಿಯ ಗುಮಾಸ್ತನೊಬ್ಬ ಅರ್ಜಿ ಬಚ್ಚಿಟ್ಟ ಎಂದು ಮಾವ ಇವತ್ತಿಗೂ ಬೈಯುತ್ತಾರೆ. ಸರ್ಕಾರ ಕೊಡದ ತಾಮ್ರಪತ್ರವನ್ನು ಸೊಸೆ ಕಥೆಯಲ್ಲಿ ಕೊಡಬೇಕೆಂಬುದು ಅವರ ಲೆಕ್ಕ. ಹೀಗಾಗಿ ಕಥೆಯಲ್ಲಿ ತಾತ ‘ನಾನು’ ಆದರು. ಬಾವುಟ ಹಿಡಿದು ಮೊದಲ ಸಾಲಿಗೆ ಬಂದರು. ‘ಅಧಿಕಾರಿ ಒಳಗೊಳಗೇ ನಡುಗಿಹೋದ’ ಎಂಬ ಸಾಲು ಸೇರಿಸೆಂದು ಮಾವ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದರು. ಆ ಸಾಲೂ ಸೇರಿತು. ಹಿರಿಯರ ಮಾತು ಮೀರುವುದು ಹೇಗೆ?

ಗೌರಿಬಿದನೂರಿನಲ್ಲಿ ಒಂದು ಕಥಾಗೋಷ್ಠಿ. ಸಂಘಟಕರು ಈಕೆಯ ಓದನ್ನು ಊಟಕ್ಕೆ ಮುಂಚಿನ ಸರದಿಗೆ ಇಟ್ಟಿದ್ದರು. ಹಸಿದ ಸಭೆ ಕಥೆ ಕೇಳುವುದಿಲ್ಲ, ತಪ್ಪು ಹುಡುಕುತ್ತದೆ. ಮುಂದಿನ ಸಾಲಿನಲ್ಲಿ ಮಾವ, ಹೆಗಲ ಮೇಲೆ ಯಾವುದೋ ಹಳೆಯ ಸನ್ಮಾನದ ಶಾಲು. ಓದು ಚೆನ್ನಾಗಿಯೇ ಸಾಗಿತ್ತು. ಗುಂಡಿನ ಸದ್ದು ಬಂದಾಗ ಸಭೆ ನಿಶ್ಶಬ್ದವಾಯಿತು. ‘ಅಧಿಕಾರಿ ಒಳಗೊಳಗೇ ನಡುಗಿಹೋದ’ ಎಂಬಲ್ಲಿ ಮಾವ ತಾವೇ ಚಪ್ಪಾಳೆ ಶುರುಮಾಡಿದರು. ಇನ್ನಿಬ್ಬರು ಸೇರಿಕೊಂಡರು.

ಓದು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಕೈಯಲ್ಲಿ ಕೋಲು, ದನಿಯಲ್ಲಿ ಎಳ್ಳಷ್ಟೂ ಕೊಂಕಿಲ್ಲ.

‘ಟೀಚರಮ್ಮ, ಆ ಅಧಿಕಾರಿ ಒಳಗೊಳಗೇ ನಡುಗಿದ್ದು ಬಾವುಟ ಹಿಡಿದೋನಿಗೆ ಹೆಂಗೆ ಗೊತ್ತಾಯ್ತು?’

ಈಕೆ ಅದು ಕಾವ್ಯದ ಸತ್ಯ, ಲೋಕದ ಸತ್ಯ ಬೇರೆ ಎಂದು ಏನೋ ಹೇಳಲು ಹೊರಟಳು. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆ ಸಹನೆಯೇ ಹೆಚ್ಚು ಉರಿಸಿತು. ಆಮೇಲೆ, ‘ಆಗ್ಲಮ್ಮ. ಆದ್ರೆ ನಿಮ್ಮ ತಾತ ಅವತ್ತು ನಮ್ಮಪ್ಪನ ಜೊತೆ ಹುಣಸೆಹಣ್ಣು ಹಾಕೋಕೆ ಹಿಂದೂಪುರದ ಮಂಡಿಗೆ ಹೋಗಿದ್ರು. ಸಾಯೋವರೆಗೂ ನಮ್ಮಪ್ಪ ಹೇಳೋರು, ಅವತ್ತು ವ್ಯಾಪಾರ ನಮ್ಮಿಬ್ಬರ ಜೀವ ಉಳಿಸ್ತು ಅಂತ,’ ಎಂದರು.

ಸಭೆ ಅಂಥಾ ಹೊತ್ತಿನಲ್ಲಿ ನಗುವುದಿಲ್ಲ, ಕೆಮ್ಮುತ್ತದೆ. ಐದಾರು ಜನ ಕೆಮ್ಮಿದರು. ಮೈಕು ಕುಂಯ್ ಎಂದಿತು. ಮಾವ ಎದ್ದು, ‘ನಿಮ್ಮಪ್ಪ ಹೇಳಿದ್ದಕ್ಕೆ ದಾಖಲೆ ಇದೆಯೇನ್ರೀ?’ ಎಂದು ಗುಡುಗಿದರು. ಹಿರಿಯರು, ‘ನಿಮ್ಮಪ್ಪ ಹೇಳಿದ್ದಕ್ಕೆ ಇದೆಯಾ?’ ಎಂದರು. ನಿಜ ಹೇಳಬೇಕೆಂದರೆ ತಾತ ಏನನ್ನೂ ಹೇಳಿರಲಿಲ್ಲ, ಹೇಳಿದ್ದೆಲ್ಲ ಮಾವ. ನಿರೂಪಕಿ ಊಟ ಸಿದ್ಧವಾಗಿದೆಯೆಂದು ಘೋಷಿಸಿ ಪುಣ್ಯ ಕಟ್ಟಿಕೊಂಡರು. ಈಕೆಯ ಎಲೆಗೆ ಬಡಿಸಿದ್ದು ಹುಣಸೆಹಣ್ಣಿನ ಚಿತ್ರಾನ್ನ.

ಇಲ್ಲಿ ಕುತೂಹಲದ ಸಂಗತಿಯೊಂದಿದೆ. ಆ ಹಿರಿಯರು ಕೇಳಿದ್ದು ಯಾವ ವಿಚಾರಣಾ ಸಮಿತಿಯಾದರೂ ಸಾಕ್ಷಿಗೆ ಹಾಕುವ ಪ್ರಶ್ನೆಯನ್ನೇ: ನೀನು ಎಲ್ಲಿ ನಿಂತಿದ್ದೆ, ಅಲ್ಲಿಂದ ಏನು ಕಾಣುತ್ತಿತ್ತು? ಕನ್ನಡದ ದೊಡ್ಡ ಕಾದಂಬರಿಗಳು ಇದಕ್ಕೆ ಉತ್ತರ ಇಟ್ಟುಕೊಂಡೇ ಶುರುವಾಗುತ್ತವೆ. ಕಾರಂತರ ‘ಮೂಕಜ್ಜಿಯ ಕನಸುಗಳು’ ಅಜ್ಜಿಯ ಕಾಣ್ಕೆಯ ಕಥೆ; ಆದರೆ ‘ನಾನು’ ಎನ್ನುವವನು ಮೊಮ್ಮಗ ಸುಬ್ಬರಾಯ. ಮುಟ್ಟಿದ ವಸ್ತುವಿನ ಹಿಂದಣ ಕಾಲವನ್ನು ಕಾಣುವ ಮುದುಕಿ ತಾನೇ ‘ನಾನು ಕಂಡೆ’ ಎಂದಿದ್ದರೆ ನಂಬುವುದು ಕಷ್ಟವಿತ್ತು. ಅನುಮಾನಪಡುವ ಮೊಮ್ಮಗ ನಡುವೆ ಕೂತದ್ದರಿಂದ ನಾವೂ ಕೂತು ಕೇಳುತ್ತೇವೆ. ‘ಕರ್ವಾಲೊ’ದ ‘ನಾನು’ ವಿಜ್ಞಾನಿಯಲ್ಲ, ತೋಟದ ರೈತ. ಹಾರುವ ಓತಿಯ ಬಗ್ಗೆ ಅವನಿಗೂ ನಮ್ಮಷ್ಟೇ ಗೊತ್ತು. ಭೈರಪ್ಪನವರ ‘ಪರ್ವ’ದಲ್ಲಿ ಯುದ್ಧ ಒಂದೇ, ಮನಸ್ಸುಗಳು ಹಲವು. ‘ಕುಸುಮಬಾಲೆ’ಯಲ್ಲಂತೂ ದೇವನೂರರು ಮಂಚಕ್ಕೇ ಬಾಯಿ ಕೊಟ್ಟರು.

‘ನಾನು’ ಎಂದಾಕ್ಷಣ ಒಳಮನೆಯ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಯೂ ಪೊಳ್ಳು. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಆತ್ಮಕಥನದ ಹೆಸರೇ ‘ಮೆಮಾಯ್ರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ಅಣೆಕಟ್ಟು, ನೀರು, ಕಾರ್ಖಾನೆ, ಆಡಳಿತ ಎಲ್ಲ ಇದೆ. ಮನೆಯ ಸಂಗತಿ ಹುಡುಕಿದರೂ ಸಿಗದಷ್ಟು ಕಡಿಮೆ. ಅದು ಅವರ ಆಯ್ಕೆ. ಮಾವ ಮಾತ್ರ ಈ ಉದಾಹರಣೆಗೆ, ‘ಸರ್‌ಎಂವಿ ವಿಷಯ ನಿಂಗ್ಯಾಕೆ?’ ಎಂದರು.

ಯಾರು ಎಲ್ಲಿ ನಿಂತು ಹೇಳುತ್ತಾರೆಂಬ ಪಾಠವನ್ನು ಈಕೆ ತರಗತಿಯಲ್ಲಿ ಇನ್ನೂ ಚೆನ್ನಾಗಿ ಕಲಿಸುತ್ತಿದ್ದಾಳೆ ಎಂಬುದನ್ನು ದಾಖಲಿಸುವುದು ನ್ಯಾಯ. ಚಿಂತಾಮಣಿ ಮಕ್ಕಳಿಗೆ ಕೈವಾರ ಪಕ್ಕದೂರು. ಅದೇ ಏಕಚಕ್ರಪುರ, ಬಕಾಸುರನನ್ನು ಭೀಮ ಕೊಂದದ್ದು ಅಲ್ಲೇ ಎಂದು ಊರವರು ಬೆಟ್ಟ ತೋರಿಸುತ್ತಾರೆ. ಮಹಾಭಾರತದಲ್ಲಿ ಆ ಪ್ರಸಂಗದ ಜೀವ ಇರುವುದು ಹೊಡೆದಾಟದಲ್ಲಲ್ಲ, ಅದಕ್ಕೂ ಹಿಂದಿನ ಅಳುವಿನಲ್ಲಿ. ಬಲಿಗೆ ತಾನು ಹೋಗುತ್ತೇನೆಂದು ಪಾಂಡವರು ತಂಗಿದ್ದ ಮನೆಯ ಗಂಡ, ಹೆಂಡತಿ, ಮಗಳು ಒಬ್ಬೊಬ್ಬರೂ ತಮ್ಮ ವಾದ ಹೂಡುತ್ತಾರೆ. ಪಕ್ಕದಲ್ಲಿ ಕುಂತಿಗೆ ಅದು ಕೇಳಿಸುತ್ತದೆ. ಈ ಕಥೆಯನ್ನು ಬೇರೊಬ್ಬರ ಕಡೆಯಿಂದ ಬರೆಯಿರಿ ಎಂದರೆ ಹುಡುಗರೆಲ್ಲ ಭೀಮನನ್ನೇ ಹಿಡಿದರು. ಒಬ್ಬ ಹುಡುಗಿ ಬಂಡಿಯ ಕೋಣವನ್ನು ಆರಿಸಿಕೊಂಡಳು. ಅನ್ನದ ಜೊತೆ ಕೋಣಗಳೂ ರಾಕ್ಷಸನ ಪಾಲೇ ಅಲ್ಲವೇ? ಬಂಡಿಯ ಮೇಲೆ ಕೂತವನು ಭೀಮನೆಂದು ಕೋಣಕ್ಕೆ ಗೊತ್ತಿಲ್ಲ. ಹಾಳೆಯ ಕೊನೆಯವರೆಗೂ ಅವಳು ಅದಕ್ಕೆ ತಿಳಿಸಲಿಲ್ಲ. ಈ ಹುಡುಗಿಗೆ ಸೋದರಮಾವ ಇಲ್ಲದಿರಬಹುದು.

ಈಕೆಯದೇ ಇನ್ನೊಂದು ಕಥೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯದು. ರೇಷ್ಮೆ ಬೆಳೆಗಾರನ ‘ನಾನು’ ಇಟ್ಟು ಬರೆದರೆ ಬೇರೆ ತೊಡಕು. ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತುವುದನ್ನು ಅವನು ಯಾರಿಗೂ ಬಿಡಿಸಿ ಹೇಳುವವನಲ್ಲ. ಹೇಳಿದರೆ ಅದು ಅವನ ದನಿಯಲ್ಲ, ಇಲಾಖೆಯ ಕರಪತ್ರ. ‘ಅವನು’ ಎಂದು ಬದಲಿಸಿ, ಬೆಳೆಗಾರನ ಬೆನ್ನಿಗೇ ನಿಂತು ಬರೆದಾಗ ಹರಾಜು ಕಟ್ಟೆ ಬಿಗಿಯಾಯಿತು. ನೂಲು ಬಿಚ್ಚುವ ರೀಲರ್ ಲಾಟಿನೊಳಗೆ ಕೈ ತೂರಿಸುತ್ತಾನೆ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಮುಂದೆ ಹೋಗುತ್ತಾನೆ. ಏನು ಲೆಕ್ಕ ಹಾಕಿದನೋ ಬೆಳೆಗಾರನಿಗೆ ತಿಳಿಯದು. ರೀಲರ್ ಮನಸ್ಸನ್ನೂ ತೆರೆದು ತೋರಿಸಿದ್ದರೆ ಅಲ್ಲಿ ರೇಟು ಮಾತ್ರ ಉಳಿಯುತ್ತಿತ್ತು.

ಸಲಹೆ ಕೇಳುವವರಿಗೆ ಇಷ್ಟು. ಮೊದಲ ಪುಟವನ್ನು ‘ನಾನು’ ಎಂದೊಮ್ಮೆ, ‘ಅವಳು’ ಎಂದೊಮ್ಮೆ ಬರೆದು ಜೋರಾಗಿ ಓದಿ. ಹೇಳುವವರು ನಿಂತ ಜಾಗದಿಂದ ಕಾಣದ್ದು, ಕೇಳದ್ದು ನುಸುಳಿದ್ದರೆ ಹೊಡೆದುಹಾಕಿ. ಅವರ ಮನೆಮಾತು ಯಾವುದೆಂದು ಯೋಚಿಸಿ. ತೆಲುಗಿನಲ್ಲಿ ಅಳುವ ಅಜ್ಜಿಗೆ ಪಠ್ಯಪುಸ್ತಕದ ಕನ್ನಡದ ‘ನಾನು’ ಅಂಟುವುದಿಲ್ಲ. ಅದಕ್ಕೇ ಹೊಸ ಕರಡಿನಲ್ಲಿ ಅಜ್ಜಿ ‘ಅವಳು’ ಆಗಿದ್ದಾಳೆ, ತಲೆ ಕಲ್ಲಿನ ಹಿಂದೆಯೇ ಇದೆ, ಪಟಾಕಿ ಇನ್ನೂ ಪಟಾಕಿಯೇ.

ಹಳೆಯ ಪ್ರತಿಯನ್ನು ಮಾವ ಜೆರಾಕ್ಸ್ ಮಾಡಿಸಿ ಮದುವೆ, ತಿಥಿಗಳಲ್ಲಿ ಹಂಚುತ್ತಿದ್ದಾರೆ. ಮೊದಲ ಪುಟದಲ್ಲಿ ಈಕೆಯ ಹೆಸರಿದೆ, ಮೇಲೆ ತಾತನ ಫೋಟೊ. ಗೌರಿಬಿದನೂರು ಸುತ್ತಮುತ್ತ ಯಾರಿಗಾದರೂ ಅದು ಸಿಕ್ಕರೆ, ಅಧಿಕಾರಿ ನಡುಗಿದ ಸಾಲು ಮಾವನದ್ದೆಂದು ಅಂಚಿನಲ್ಲಿ ಬರೆದುಕೊಳ್ಳಬೇಕಾಗಿ ವಿನಂತಿ.