36ರ ವೇಗದಲ್ಲಿ ಮಾತ್ರ ಬರುವ ಸದ್ದು



ನನ್ನ ಭಾವ ಸಾಲ ಮಾಡಿ ಕೊಂಡ ಹೊಸ ಎಲೆಕ್ಟ್ರಿಕ್ ಕಾರು ಗಂಟೆಗೆ 36 ಕಿ.ಮೀ. ಆಸುಪಾಸಿಗೆ ಬಂದಾಗ ಹಿಂದಿನಿಂದ ‘ಝುರ್’ ಎಂದು ಸದ್ದು ಮಾಡುತ್ತಿತ್ತು. 30ಕ್ಕೆ ಇಲ್ಲ, 45ಕ್ಕೆ ಇಲ್ಲ. ಸರ್ವಿಸ್ ಸೆಂಟರಿಗೆ ಎರಡು ಸಲ ಹೋದಾಗಲೂ “ಎಲೆಕ್ಟ್ರಿಕ್ ಗಾಡೀಲಿ ಇದೆಲ್ಲ ಮಾಮೂಲು” ಎಂಬ ಉತ್ತರವೇ. ಬ್ಯಾಟರಿಗೇ ಏನೋ ಆಗಿದೆಯೆಂದು ಹೆದರಿದ ಅಕ್ಕ ಮಕ್ಕಳನ್ನು ಅದರಲ್ಲಿ ಕಳಿಸುವುದನ್ನೇ ಬಿಟ್ಟಿದ್ದಳು.

ಮಾಮೂಲು ಎಂಬ ಮಾತು ಪೂರ್ತಿ ಸುಳ್ಳಲ್ಲ. ಪೆಟ್ರೋಲ್ ಎಂಜಿನ್ನಿನ ಗದ್ದಲದಲ್ಲಿ ಮುಚ್ಚಿಹೋಗುವ ಸಣ್ಣ ಸದ್ದುಗಳೆಲ್ಲ ಇಲ್ಲಿ ಕಿವಿಗೆ ಬೀಳುತ್ತವೆ. ಆನ್ ಮಾಡಿದಾಗ ಬ್ಯಾಟರಿಯ ಕಾಂಟ್ಯಾಕ್ಟರ್ ‘ಟಕ್’ ಎನ್ನುತ್ತದೆ. ಚಾರ್ಜ್ ಆಗುವಾಗ ತಂಪು ಮಾಡುವ ಪಂಪು, ಫ್ಯಾನು ಕೇಳಿಸಬಹುದು. ಆದರೆ ಒಂದೇ ವೇಗದಲ್ಲಿ ಬಂದು ಹೋಗುವ ಸದ್ದು ಆ ಸಾಲಿಗೆ ಸೇರುವುದಿಲ್ಲ.

ಭಾವ ಓಡಿಸಿದರು, ನಾನು ಹಿಂದಿನ ಸೀಟಿನಲ್ಲಿ ಫೋನು, ನೋಟ್‌ಬುಕ್ಕು ಹಿಡಿದು ಕೂತೆ. (ಓಡಿಸುವವರೇ ರೆಕಾರ್ಡ್ ಮಾಡುವ ಸಾಹಸ ಬೇಡ.) ನಮ್ಮ ಲ್ಯಾಬಿನ ನಿಯಮವೇ ಇಲ್ಲಿಯೂ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎ.ಸಿ. ಆಫ್ ಮಾಡಿದೆವು, ಸದ್ದು ಹಾಗೇ ಇತ್ತು. ಖಾಲಿಯಾದ, ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದೆವು, ಆಗಲೂ ಇತ್ತು. ಇದು ದೊಡ್ಡ ಸುಳಿವು. ಎಲೆಕ್ಟ್ರಿಕ್ ಕಾರುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಇಲ್ಲ. ನ್ಯೂಟ್ರಲ್‌ನಲ್ಲಿ ಮೋಟಾರಿನ ಎಳೆತ ನಿಲ್ಲುತ್ತದೆ, ಆದರೆ ಚಕ್ರದ ಜೊತೆಗೆ ಮೋಟಾರು ತಿರುಗುತ್ತಲೇ ಇರುತ್ತದೆ. ಹಾಗಾದರೆ ಹುಡುಕಬೇಕಾದದ್ದು ವಿದ್ಯುತ್ತಿನಲ್ಲಲ್ಲ, ನಡುಕದಲ್ಲಿ.

ಲೆಕ್ಕ ಮಾಡಿ ನೋಡಿ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಟಯರಿನ ಸುತ್ತಳತೆ ಸುಮಾರು 2 ಮೀಟರ್, ಆದ್ದರಿಂದ ಚಕ್ರ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಗೇರ್ ಅನುಪಾತ 10 ಎಂದುಕೊಂಡರೆ ಮೋಟಾರು 50 ಸುತ್ತು. ತಿರುಗುವ ಭಾಗಗಳಿಂದ ಏಳುವ ನಡುಕ ಸಡಿಲವಾದ ಯಾವುದೋ ತಗಡಿನ ಸಹಜ ಆವೃತ್ತಿಗೆ ಹೊಂದಿಬಿಟ್ಟರೆ ತಗಡು ಜೋರಾಗಿ ಅಲುಗುತ್ತದೆ. ಪ್ರಥಮ ಪಿಯುನಲ್ಲಿ ಓದಿದ ಅನುನಾದ, ರೆಸೊನೆನ್ಸ್, ಇದೇ. ವೇಗ ಬದಲಾದರೆ ಹೊಂದಿಕೆ ತಪ್ಪಿ ಸದ್ದು ಅಡಗುತ್ತದೆ.

ಕಾರು ನಿಲ್ಲಿಸಿ ಹಿಂಭಾಗವನ್ನೆಲ್ಲ ಬೆರಳಿನಿಂದ ಬಡಿಯುತ್ತ ಹೋದೆ. ನಂಬರ್ ಪ್ಲೇಟಿಗೆ ಬಡಿದಾಗ ಅದೇ ‘ಝುರ್’! ಮೇಲಂಚಿಗೆ ಎರಡು ಲಾಕು, ಕೆಳಗೆ ಹಿಡಿತವೇ ಇಲ್ಲ. ಪ್ಲೇಟಿನ ಹಿಂದೆ ರಟ್ಟು ಸಿಕ್ಕಿಸಿ ಓಡಿಸಿದೆವು, 36ರಲ್ಲೂ ಮೌನ. ರಟ್ಟು ತೆಗೆದೆವು, ಸದ್ದು ಮರಳಿತು. ತೆಗೆದು ನೋಡುವ ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸದ್ದು ನಿಂತದ್ದು ರಟ್ಟಿನಿಂದಲೇ ಎಂದು ಖಾತ್ರಿಯಾಗುವುದು ಆಗಲೇ. ಟಿಪ್ಪಣಿ, ರೆಕಾರ್ಡಿಂಗ್ ಎರಡನ್ನೂ ತೋರಿಸಿದಾಗ ಸರ್ವಿಸ್ ಸೆಂಟರಿನವರು ಮಾತಿಲ್ಲದೆ ರಬ್ಬರ್ ಪಟ್ಟಿ ಅಂಟಿಸಿಕೊಟ್ಟರು. ಅಕ್ಕನ ಮಕ್ಕಳು ಈಗ ಹಿಂದಿನ ಸೀಟಿನಲ್ಲೇ ಶಾಲೆಗೆ ಹೋಗುತ್ತಾರೆ.

ನಿಮ್ಮ ಮನೆಯಲ್ಲಿ ಇಂಥ ಗಾಡಿ ಇದ್ದರೆ ಒಂದು ಎಚ್ಚರಿಕೆ. ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಕೈ ಹಾಕಬೇಡಿ. ಅನೇಕ ಕಾರುಗಳಲ್ಲಿ ಅವುಗಳೊಳಗೆ 300–400 ವೋಲ್ಟ್ ಇರುತ್ತದೆ. ಸುಟ್ಟ ವಾಸನೆ ಬಂದರೆ, ಎಚ್ಚರಿಕೆ ದೀಪ ಹೊತ್ತಿದರೆ ಪ್ರಯೋಗ ಬೇಡ, ಗಾಡಿ ನಿಲ್ಲಿಸಿ ಕೆಳಗಿಳಿಯಿರಿ.

ಮನೆಗೆಲಸ: ಅದೇ ಕಾರು ಗಂಟೆಗೆ 54 ಕಿ.ಮೀ. ವೇಗದಲ್ಲಿದ್ದಾಗ ಮೋಟಾರು ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ? ಉತ್ತರವನ್ನು ಭೌತಶಾಸ್ತ್ರ ವಿಭಾಗಕ್ಕೆ ತಂದುಕೊಡಿ.