ಮಲಗುವ ಜಾಗ ಮೊದಲು, ಗಾಡಿ ಆಮೇಲೆ

ನಿವೃತ್ತಿಯ ಗಂಟು ಕೈಗೆ ಬಂದ ಮೇಲೆ ನಮ್ಮ ಭಾವ ಒಂದು ಆಸೆ ಮುಂದಿಟ್ಟರು. "ಸೆಕೆಂಡ್ ಹ್ಯಾಂಡ್ ಟ್ರಾವೆಲರ್ ಒಂದು ತಗೊಂಡು, ಸೀಟ್ ಎಲ್ಲಾ ತಗಸಿ, ಒಳಗ ಹಾಸಗಿ, ಒಲಿ, ಪಾಯಖಾನಿ ಮಾಡಸಿಬಿಡೂಣು. ಖಾನಾಪುರ ಕಾಡಿನ್ಯಾಗ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಮಲಗೂಣು. ಲಾಡ್ಜಿನ ರೊಕ್ಕ ಉಳೀತೈತಿ." ಇಡೀ ಆಯುಷ್ಯ ಬೆಳಗಾವಿಯ ಟಿಳಕವಾಡಿಯ ಮನೆ, ಆಫೀಸು ಅಂತ ಕಳೆದ ಮನುಷ್ಯ. ಆಸೆ ತಪ್ಪಲ್ಲ. ಆದರೆ ಗಾಡಿಗೆ, ಒಳಗಿನ ಕೆಲಸಕ್ಕೆ ಸೇರಿ ಅವರು ತೆಗೆದಿಡಲು ಹೊರಟದ್ದು 15 ಲಕ್ಷ. ಹಾಗಾಗಿ ಇಬ್ಬರೂ ಕಾಗದ, ಪೆನ್ನು ಹಿಡಿದು ಕೂತೆವು. ನಮ್ಮ ಊರಿನ ಬಹಳ ಮನೆಗಳಲ್ಲಿ ಈಗ ಇದೇ ಮಾತು ನಡೆದಿದೆ, ಅದಕ್ಕೇ ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಳೀತೈತಿ ಅನ್ನುವ ಆ ಲಾಡ್ಜಿನ ರೊಕ್ಕದಿಂದಲೇ ಶುರು ಮಾಡೋಣ. ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅವನು ಹೇಳುವಂತೆ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಶಿಬಿರತಾಣಗಳಲ್ಲಿ ಬಾಡಿಗೆ ಜಾಗಕ್ಕೆ, ತಲೆಗಲ್ಲ. ಒಂದು ಜಾಗ ಹಿಡಿದು ಗಾಡಿ ನಿಲ್ಲಿಸಿದರೆ ಮನೆಮಂದಿಯೆಲ್ಲ ಅದರಲ್ಲೇ ಮಲಗಬಹುದು. ಗಾಡಿಯೊಳಗಿನ ಹಾಸಿಗೆ ಅಲ್ಲಿ ನಿಜವಾಗಿಯೂ ಹಣ ಉಳಿಸುತ್ತದೆ. ಅಲ್ಲೂ ಗಾಡಿ ಉದ್ದವಾದಷ್ಟು ಸಿಗುವ ಜಾಗ ಕಡಿಮೆ. ಪ್ರತಿ ಜಾಗಕ್ಕೂ ಎಷ್ಟು ಉದ್ದದ ಗಾಡಿ ಹಿಡಿಸುತ್ತದೆ ಅಂತ ಬುಕಿಂಗಿನಲ್ಲೇ ಬರೆದಿರುತ್ತಾರೆ. ಗ್ಲೇಸಿಯರ್ ಉದ್ಯಾನದ ಬೆಟ್ಟದ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದೇ ಇಲ್ಲ. ಅಂದರೆ 6.4 ಮೀಟರ್. ಭಾವ ನೋಡಿಟ್ಟಿದ್ದ ಉದ್ದನೆಯ ಟ್ರಾವೆಲರ್ ಸುಮಾರು 7 ಮೀಟರ್!

ನಮ್ಮಲ್ಲಿ ಲೆಕ್ಕವೇ ಬೇರೆ. ಭೀಮಗಡ ವನ್ಯಧಾಮ ಖಾನಾಪುರ ತಾಲೂಕಿನಲ್ಲಿದೆ. 2011ರ ಡಿಸೆಂಬರ್‌ನಲ್ಲಿ ಘೋಷಣೆಯಾದದ್ದು, ಸುಮಾರು 190 ಚದರ ಕಿ.ಮೀ. ಮಹದಾಯಿ ಹುಟ್ಟುವುದು ಈ ಕಾಡಿನಲ್ಲಿ. ಮಲಪ್ರಭೆ ಹುಟ್ಟುವ ಕಣಕುಂಬಿ ಇದರ ಮಗ್ಗುಲಲ್ಲೇ ಇದೆ. ಬಾರಾಪೇಡೆ ಗವಿಗಳಲ್ಲಿ ಜಗತ್ತಿನಲ್ಲೇ ಅಪರೂಪದ ಬಾವಲಿ ಇದೆ. ಇಂಥ ಕಾಡಿನೊಳಗೆ ಬೇಕಾದಲ್ಲಿ ಗಾಡಿ ನಿಲ್ಲಿಸಿ ಮಲಗಲು ಆಗುವುದಿಲ್ಲ, ಆಗಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮು ವನ್ಯಧಾಮಕ್ಕೆ ಅನುಮತಿಯಿಲ್ಲದೆ ಹೋಗುವುದನ್ನೇ ತಡೆಯುತ್ತದೆ. ರಾತ್ರಿ ಉಳಿಯಬೇಕಾದರೆ ಜಂಗಲ್ ಲಾಡ್ಜಸ್‌ನ ಭೀಮಗಡ ಶಿಬಿರ, ಇಲ್ಲವೇ ಕಾಡಂಚಿನ ಹೋಂಸ್ಟೇ. ಲೋಂಡಾ, ರಾಮನಗರ ದಾಟಿ ಕಾಳಿ ಹುಲಿ ಮೀಸಲಿನ ಕಡೆ, ಅಣಶಿ ರಾಷ್ಟ್ರೀಯ ಉದ್ಯಾನದ ಕಡೆ ಹೋದರೆ ಕುಳಗಿಯಲ್ಲಿ ಅರಣ್ಯ ಇಲಾಖೆಯದೇ ಶಿಬಿರ ಇದೆ. ಜಂಗಲ್ ಲಾಡ್ಜಸ್‌ನಲ್ಲಿ ತಲೆಗಿಷ್ಟು ಅಂತ ಊಟ ಸೇರಿಸಿ ದರ. ನಾವು ಉಳಿದ ಹೋಂಸ್ಟೇಗಳದೂ ಅದೇ ಪದ್ಧತಿ. ನೀವು ಇನ್ನೋವಾದಲ್ಲಿ ಹೋದರೂ ಅಷ್ಟೇ, ಹದಿನೈದು ಲಕ್ಷದ ಕ್ಯಾರವಾನಿನಲ್ಲಿ ಹೋದರೂ ಅಷ್ಟೇ. ಗಾಡಿಯೊಳಗಿನ ಹಾಸಿಗೆ ಪಾರ್ಕಿಂಗಿನಲ್ಲಿ ಖಾಲಿ ನಿಂತಿರುತ್ತದೆ, ನೀವು ಟೆಂಟಿಗೆ ದುಡ್ಡು ಕೊಟ್ಟು ಒಳಗೆ ಮಲಗಿರುತ್ತೀರಿ. ನಮ್ಮ ಕಾಡುಗಳಲ್ಲಿ ದೊಡ್ಡ ಗಾಡಿ ಖರ್ಚು ಕೂಡಿಸುತ್ತದೆಯೇ ಹೊರತು ಒಂದು ರಾತ್ರಿಯ ಬಾಡಿಗೆಯನ್ನೂ ಉಳಿಸುವುದಿಲ್ಲ. ಈ ಒಂದು ಸಾಲು ಭಾವನಿಗೆ ಮನದಟ್ಟಾಗಲು ಒಂದು ಸಂಜೆ ಬೇಕಾಯಿತು.

ಇನ್ನು ದಾರಿ. ಕಳೆದ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಬಾಡಿಗೆಯ ಉದ್ದನೆಯ ಟ್ರಾವೆಲರಿನಲ್ಲಿ ಜಾಂಬೋಟಿ ಕಡೆಯ ಒಂದು ಹೋಂಸ್ಟೇಗೆ ಹೊರಟಿದ್ದೆವು. ಡಾಂಬರು ಇರುವ ತನಕ ಏನೂ ತೊಂದರೆಯಿಲ್ಲ. ಕೆಂಪು ಮಣ್ಣಿನ ದಾರಿಗೆ ಇಳಿದ ಮೇಲೆ ಮೇಲಿನ ಕ್ಯಾರಿಯರಿಗೆ ಬಿದಿರು ಬಡಿಯತೊಡಗಿತು. ಡ್ರೈವರ್ ಇಳಿದು, ಮುಂದೆ ಸಣ್ಣ ಮೋರಿ ಇದ್ದ ತಿರುವಿನ ತನಕ ನಡೆದು ಹೋಗಿ, ಹೆಜ್ಜೆ ಹಾಕಿ ಅಗಲ ಅಳೆದು ಬಂದ. "ಮುಂದಿನ ಗಾಲಿ ತಿರುಗತಾವ್ರಿ, ಹಿಂದಿನವು ಗಟಾರಕ್ಕ ಇಳೀತಾವು. ಬರಂಗಿಲ್ರಿ" ಅಂದ. ಅವನ ಮಾತು ಖರೆ. ಉದ್ದನೆಯ ಗಾಡಿಯ ತೊಂದರೆ ಇರುವುದೇ ಅಲ್ಲಿ. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಾದಷ್ಟೂ ತಿರುವಿನಲ್ಲಿ ಹಿಂಗಾಲಿ ಒಳಗೊಳಗೆ ಎಳೆಯುತ್ತದೆ. ಟ್ರಾವೆಲರಿನ 3350, 4020 ಅನ್ನುವ ಸಂಖ್ಯೆಗಳು ಆ ಅಂತರದ ಮಿಲಿಮೀಟರುಗಳು. ಅಲ್ಲಿಂದ ಹಿಂದಕ್ಕೆ ರಿವರ್ಸ್, ಆಮೇಲೆ ಹಳ್ಳಿಯ ಒಂದು ಪಿಕಪ್ ಕರೆಸಿ ಸಾಮಾನು, ವಯಸ್ಸಾದವರನ್ನು ಕಳಿಸಿದ್ದು, ಅದಕ್ಕೆ ಬೇರೆ ಬಾಡಿಗೆ. ಉಳಿದವರು ನಡೆದೆವು.

ಮಳೆಗಾಲದಲ್ಲಿ ಇನ್ನೂ ಬಿಗಿ. ಖಾನಾಪುರದಿಂದ ಹೆಮ್ಮಡಗಾಕ್ಕೆ ಹೋಗುವ ದಾರಿಯಲ್ಲಿ ಹಳ್ಳ ಉಕ್ಕಿದರೆ ಸೇತುವೆ ಮೇಲೆ ನೀರು ಬಂದು ಸಂಚಾರ ನಿಲ್ಲುತ್ತದೆ. ಕುಸಮಳ್ಳಿ ಹತ್ತಿರದ ಹಳೆಯ ಮಲಪ್ರಭಾ ಸೇತುವೆ ಶಿಥಿಲವಾದಾಗ ಮೊದಲು ತಡೆದದ್ದು ಭಾರಿ ವಾಹನಗಳನ್ನು.

ಬಾಡಿಗೆಯ ಲೆಕ್ಕ ನೋಡಿ. ಟ್ರಾವೆಲರಿಗೆ ನಮಗೆ ಹೇಳಿದ ದರ ಕಿ.ಮೀ.ಗೆ 24 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಬೆಳಗಾವಿಯಿಂದ ಕಣಕುಂಬಿಗೆ ಹೋಗಿ ಬಂದರೂ ನೂರು ಕಿ.ಮೀ. ಆಸುಪಾಸು. ಎರಡು ದಿನಕ್ಕೆ ನಾವು ಕೊಟ್ಟದ್ದು 600 ಕಿ.ಮೀ.ಯ 14,400 ರೂಪಾಯಿ, ಓಡಿದ್ದು ಅದರ ಮೂರನೇ ಒಂದು ಭಾಗವೂ ಅಲ್ಲ. ಡ್ರೈವರ್ ಭತ್ಯೆ, ಅವನ ಊಟ, ಮಲಗುವ ಜಾಗ ಬೇರೆ. ಹತ್ತಿರದ ಊರಿಗೆ ಕಿ.ಮೀ. ಲೆಕ್ಕದ ದೊಡ್ಡ ಗಾಡಿ ಹಿಡಿದರೆ ಓಡದ ದಾರಿಗೂ ದುಡ್ಡು ಕೊಟ್ಟಂತೆ. ಮುಂದಿನ ಸಲ ಕ್ರೂಸರ್ ಕೇಳಿದೆವು. ದಿನಕ್ಕೆ 4,500, ಡೀಸೆಲ್ ಸೇರಿ. ಹನ್ನೆರಡು ಮಂದಿ ಹಿಡಿಸುತ್ತದೆ, ಉದ್ದ ಐದು ಮೀಟರ್ ಚಿಲ್ಲರೆ. ಕೂತುಕೊಳ್ಳಲು ಟ್ರಾವೆಲರಿನಷ್ಟು ಸುಖವಿಲ್ಲ, ಮೊಣಕಾಲು ನೋವಿನವರಿಗೆ ತ್ರಾಸು. ಆದರೆ ಹೋಂಸ್ಟೇಯ ಅಂಗಳಕ್ಕೇ ಹೋಗಿ ನಿಂತಿತು.

ಟೋಲಿನಲ್ಲೂ ಅಳತೆಗೆ ಬೆಲೆ ಇದೆ. ಖಾನಾಪುರದ ದಾರಿಯ ಗಣೇಬೈಲ್ ಟೋಲ್ ನಮಗೆಲ್ಲ ಗೊತ್ತಿದ್ದದ್ದೇ. 2008ರ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಕಾರು, ಜೀಪಿಗೆ ಮೂಲದರ ಕಿ.ಮೀ.ಗೆ 65 ಪೈಸೆ. ಮಿನಿ ಬಸ್ಸಿಗೆ 1.05 ರೂಪಾಯಿ, ಬಸ್ಸಿಗೆ 2.20 ರೂಪಾಯಿ. ವರ್ಷ ವರ್ಷ ದರ ಏರುತ್ತದೆ, ಆ ಅನುಪಾತ ಮಾತ್ರ ಹಾಗೇ ಇರುತ್ತದೆ. 2025ರ ಆಗಸ್ಟ್ 15ರಿಂದ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸು ಕೂಡ ಸ್ವಂತ ಬಳಕೆಯ ಕಾರು, ಜೀಪು, ವ್ಯಾನುಗಳಿಗೆ ಮಾತ್ರ.

ಸ್ವಂತಕ್ಕೆ ಕೊಂಡು ಮಾರ್ಪಡಿಸುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆಯಾಗದ ಹಾಗೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿದೆ. ಮನೆ-ಗಾಡಿಗಳಿಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವಿದೆ. ಪರಿಚಯದ ಗ್ಯಾರೇಜಿನಲ್ಲಿ ಸೀಟು ಕಿತ್ತು, ಗ್ಯಾಸ್ ಒಲೆ ಕೂಡಿಸಿ ಆರ್‌ಟಿಒಗೆ ತಿಳಿಸದೆ ಓಡಿಸಿದರೆ, ನಾಳೆ ಅಪಘಾತವೋ ಬೆಂಕಿಯೋ ಆದಾಗ ವಿಮೆಯ ಕ್ಲೇಮು ಬಿದ್ದುಹೋಗಬಹುದು. ಗ್ಯಾರೇಜಿನವರು ಇದನ್ನು ಹೇಳುವುದಿಲ್ಲ.

ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದಿತು, ಮರುವರ್ಷ ವಾಗಮಣ್‌ನಲ್ಲಿ ಗಾಡಿ ನಿಲ್ಲಿಸುವ ಪಾರ್ಕೂ ಶುರುವಾಯಿತು. ನೀರು, ಕರೆಂಟು, ಕೊಳೆ ನೀರು ಬಿಡುವ ವ್ಯವಸ್ಥೆ ಇರುವ ಜಾಗ ಇಲ್ಲದಿದ್ದರೆ ಕ್ಯಾರವಾನ್ ಬರೀ ಭಾರದ ಗಾಡಿ. ನಮ್ಮ ಜಿಲ್ಲೆಯಲ್ಲೂ ಕಾಡಿನ ಒಳಗಲ್ಲ, ಖಾನಾಪುರ ಪಟ್ಟಣದ ಅಂಚಿನಲ್ಲಿ ಅಂಥದೊಂದು ಜಾಗ ಆದರೆ ನಾನು ಸಂತೋಷಪಡುವೆ; ಆಗ ಈ ಲೆಕ್ಕವನ್ನು ಮತ್ತೆ ಹಾಕಬಹುದು.

ಕೊನೆಗೆ ಕಾಗದದ ಮೇಲೆ ಉಳಿದದ್ದು ಇದು. ಅದೇ 15 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರೆ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ 8.2ರ ದರದಲ್ಲಿ ವರ್ಷಕ್ಕೆ 1,23,000 ರೂಪಾಯಿ ಬಡ್ಡಿ. ಮೂರು ತಿಂಗಳಿಗೊಮ್ಮೆ 30,750 ಖಾತೆಗೆ ಬೀಳುತ್ತದೆ. ತೆರಿಗೆ ಇದ್ದವರು ಅದನ್ನು ಕಳೆದುಕೊಳ್ಳಬೇಕು. ಒಂದು ಕಂತಿನ ಬಡ್ಡಿಯಲ್ಲಿ ಗಂಡ ಹೆಂಡತಿ ಎರಡು ರಾತ್ರಿ ಶಿಬಿರದಲ್ಲಿ ನೆಮ್ಮದಿಯಾಗಿ ಉಳಿದು, ಗಾಡಿ ಬಾಡಿಗೆಯನ್ನೂ ಕೊಟ್ಟು ಬರಬಹುದು. ಅಸಲು ಕರಗುವುದಿಲ್ಲ. ಟ್ರಾವೆಲರ್ ಮನೆ ಮುಂದೆ ನಿಂತೇ ಇದ್ದರೂ ಬ್ಯಾಟರಿ, ಟೈರು, ವಿಮೆ ಕೇಳುತ್ತಲೇ ಇರುತ್ತದೆ. ಟಿಳಕವಾಡಿಯ ಓಣಿಯಲ್ಲಿ ಏಳು ಮೀಟರ್ ಗಾಡಿಗೆ ಜಾಗವಾದರೂ ಎಲ್ಲಿ? ಭಾವ ಯೋಜನೆಯ ಖಾತೆ ತೆರೆದರು. ಕಾಡಿಗೆ ಹೋಗುವುದನ್ನು ಬಿಟ್ಟಿಲ್ಲ.

ನೀವೂ ಮನೆಮಂದಿಯೊಂದಿಗೆ ಹೊರಡುವವರಿದ್ದರೆ, ಗಾಡಿಯವರಿಗೆ ಅಡ್ವಾನ್ಸ್ ಕೊಡುವ ಮೊದಲು ಉಳಿಯುವ ಜಾಗದವರಿಗೆ ಫೋನ್ ಮಾಡಿ. ಗೇಟಿನ ತನಕ ಎಷ್ಟು ಉದ್ದದ ಗಾಡಿ ಬರುತ್ತದೆ, ಮೇಲೆ ಟೊಂಗೆ ತಗಲುತ್ತದೆಯೋ, ತಿರುಗಿಸಲು ಜಾಗವಿದೆಯೋ, ಡ್ರೈವರ್ ಎಲ್ಲಿ ಮಲಗುತ್ತಾನೆ, ಇಷ್ಟು ಕೇಳಿ ಬರೆದುಕೊಳ್ಳಿ. ಆಮೇಲೆ ಗಾಡಿ ಗೊತ್ತು ಮಾಡಿ.